ಗುಜರಿಯಲ್ಲಿ ಸಿಕ್ಕ ಕಾಫಿ ಮಿಷನ್, ಹಿತ್ತಾಳೆ ಹಂಡೆ, ಬೆತ್ತ ಹರಿದ ಈಸಿ ಚೇರ್: ಮಳೆಗೆ ಮೊದಲು ಏನು ಮಾಡಬೇಕು?

ಹಾರಂಗಿ_ದಂಡೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಕುಶಾಲನಗರದ ಗುಜರಿ ಅಂಗಡಿಯಿಂದ ಮೂರು ಸಾಮಾನು ತಂದಿದ್ದೇವೆ. ಮೂರನ್ನೂ ಷೋಕೇಸಿನಲ್ಲಿ ಇಡುವುದಕ್ಕಲ್ಲ, ಬಳಸುವುದಕ್ಕೇ ಬೇಕು.

1. ಕಾಫಿ ಪುಡಿ ಮಾಡುವ ಬೀಡಿನ (ಎರಕದ ಕಬ್ಬಿಣದ) ಕೈಮಿಷನ್. ಗೋಡೆಯ ಹಲಗೆಗೆ ಸ್ಕ್ರೂ ಹಾಕಿ ಕೂರಿಸುವಂಥದ್ದು. ತುಕ್ಕು ಹಿಡಿದು ಹಿಡಿಕೆ ಒಂದಿಂಚೂ ತಿರುಗುವುದಿಲ್ಲ. ಬೀಜ ಸುರಿಯುವ ಬಟ್ಟಲಿನ ಒಳಗೂ ಹೊರಗೂ ಕೆಂಪು ಬಣ್ಣ ಇದೆ, ಅಲ್ಲಲ್ಲಿ ಏಳುತ್ತಿದೆ. ಬದಿಯ ಒಂದು ಬೋಲ್ಟ್ ಇಲ್ಲ.

2. ನೀರು ಕಾಯಿಸುವ ಹಿತ್ತಾಳೆ ಹಂಡೆ. ತಳದ ಹತ್ತಿರ ಕೂದಲೆಳೆಯ ಬಿರುಕು, ನೀರು ಜಿನುಗುತ್ತದೆ. ಜಗಲಿಯಲ್ಲಿ ಗಿಡ ಇಡಲು ಬಳಸುವ ಆಲೋಚನೆ.

3. ಉದ್ದ ಕೈಯ ಪ್ಲಾಂಟರ್ ಚೇರ್. ಬೆತ್ತ ಪೂರ್ತಿ ಹರಿದಿದೆ. ಒಂದು ಹಿಂಗಾಲಿನ ಕೆಳಗೆ ಹಳದಿ ಹುಡಿ ಬೀಳುತ್ತಿದೆ.

ಜೊತೆಗೆ, ಸಿದ್ದಾಪುರದ ಕಡೆ ಒಂದು ತೋಟದ ಬಂಗಲೆ ಕೈಬದಲಾಗುತ್ತಿದೆ, ಮುಂದಿನ ವಾರ ಮನೆ ಸಾಮಾನೆಲ್ಲ ಮಾರುತ್ತಾರಂತೆ. ಅಲ್ಲಿ ಏನನ್ನು ನೋಡಿ ತೆಗೆದುಕೊಳ್ಳಬೇಕು, ಯಾವುದನ್ನು ಮುಟ್ಟಬಾರದು? ಮಳೆಗೆ ಇನ್ನು ಮೂರು ವಾರವೂ ಇಲ್ಲ.

---

ಅರ_ಸುತ್ತಿಗೆ:

ಮಿಷನ್ ಬಗ್ಗೆ ಹೇಳುತ್ತೇನೆ. ಮೊದಲನೆಯದು, ಹಿಡಿಕೆಗೆ ಪೈಪ್ ಸಿಕ್ಕಿಸಿ ಬಲವಂತವಾಗಿ ತಿರುಗಿಸಬೇಡಿ. ಬೀಡು ಬಾಗುವುದಿಲ್ಲ, ನೇರ ಮುರಿಯುತ್ತದೆ. ಮುರಿದ ಬೀಡಿಗೆ ಸಾಧಾರಣ ವೆಲ್ಡಿಂಗ್ ನಿಲ್ಲುವುದಿಲ್ಲ, ನಿಕ್ಕಲ್ ರಾಡ್ ಬೇಕು. ಆಗಲೂ ಪಕ್ಕದಲ್ಲೇ ಮತ್ತೆ ಸೀಳುವುದುಂಟು.

ಶಾಫ್ಟ್ ಹೊರಬರುವ ಎರಡೂ ಕಡೆ ಮತ್ತು ಹದ ಹೊಂದಿಸುವ ತಿರುಪಿನ ಬುಡಕ್ಕೆ ಡೀಸೆಲ್ ಹನಿಸಿ. ದಿನಕ್ಕೆರಡು ಸಲ, ಮೂರು ನಾಲ್ಕು ದಿನ. ನಡುವೆ ಒಮ್ಮೆ ಹೊರಗಿನ ಬೀಡಿನ ಮೇಲೆ ಕುದಿನೀರು ಸುರಿಯಿರಿ. ಹೊರಭಾಗ ಒಳಗಿನ ಶಾಫ್ಟಿಗಿಂತ ಮೊದಲು ಹಿಗ್ಗುತ್ತದೆ, ಆ ಎಡೆಯಲ್ಲಿ ಡೀಸೆಲ್ ಇಳಿಯುತ್ತದೆ. ಆಮೇಲೆ ಮರದ ಸುತ್ತಿಗೆಯಿಂದ ಶಾಫ್ಟಿನ ತುದಿಗೆ ಮೆಲ್ಲಗೆ ಬಡಿದು, ಹಿಡಿಕೆಯನ್ನು ಹಿಂದಕ್ಕೂ ಮುಂದಕ್ಕೂ ಆಡಿಸಿ. ಒಂದೇ ದಿಕ್ಕಿಗೆ ಎಳೆಯಬೇಡಿ. ಸ್ವಲ್ಪ ಅಲುಗಿದರೆ ಸಾಕು, ಉಳಿದದ್ದು ತಾನಾಗಿ ಬರುತ್ತದೆ.

ಬಿಚ್ಚುವಾಗ ಪ್ರತಿ ಹಂತಕ್ಕೂ ಒಂದು ಫೋಟೋ ತೆಗೆದಿಡಿ. ಅರೆಯುವ ಹಲ್ಲುಗಳ ಹಿಂದೆ ತೆಳು ವಾಷರ್ ಇರಬಹುದು, ಅದು ಹಿಂದುಮುಂದಾದರೆ ಪುಡಿ ಒಂದು ಕಡೆ ನುಣ್ಣಗೆ, ಒಂದು ಕಡೆ ತರಿತರಿ ಬರುತ್ತದೆ.

ತುಕ್ಕಿಗೆ ಬ್ಯಾಟರಿ ಚಾರ್ಜರ್ ವಿಧಾನದಷ್ಟು ಒಳ್ಳೆಯದು ಬೇರೆ ಇಲ್ಲ, ಲೋಹ ಸವೆಯುವುದಿಲ್ಲ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ 10 ಲೀಟರ್ ನೀರಿಗೆ 100 ಗ್ರಾಂ ಬಟ್ಟೆ ಸೋಡ ಕರಗಿಸಿ. 12 ವೋಲ್ಟ್ ಚಾರ್ಜರಿನ ಕಪ್ಪು ಕ್ಲಿಪ್, ಅಂದರೆ ನೆಗೆಟಿವ್, ಮಿಷನ್ನಿನ ಭಾಗಕ್ಕೆ. ಕೆಂಪು ಕ್ಲಿಪ್ ಒಂದು ಹಳೆಯ ಕಬ್ಬಿಣದ ಸರಳಿಗೆ. ಎರಡೂ ಒಂದಕ್ಕೊಂದು ತಾಗಬಾರದು. ಇದು ಅದಲುಬದಲಾದರೆ ಸರಳಿನ ಬದಲು ನಿಮ್ಮ ಮಿಷನ್ನೇ ಕರಗುತ್ತದೆ, ಎರಡು ಸಲ ನೋಡಿ ಸ್ವಿಚ್ ಹಾಕಿ. 2ರಿಂದ 4 ಆಂಪಿಯರ್, ಆರೇಳು ಗಂಟೆ. ಸರಳಿಗೆ ಎದುರಾಗಿರುವ ಮೈ ಮಾತ್ರ ಚೆನ್ನಾಗಿ ಬಿಡುವುದರಿಂದ ನಡುವೆ ತಿರುಗಿಸಿಡಬೇಕು. ಈಗಿನ ಆಟೊಮ್ಯಾಟಿಕ್ ಚಾರ್ಜರುಗಳು ಬ್ಯಾಟರಿ ಇಲ್ಲದೆ ಕರೆಂಟ್ ಬಿಡುವುದೇ ಇಲ್ಲ, ಹಳೇ ಮಾದರಿಯದ್ದೇ ಬೇಕು.

ಮೂರು ಎಚ್ಚರಿಕೆ. ಕೆಂಪು ಕ್ಲಿಪ್ಪಿಗೆ ಸ್ಟೀಲ್ ಚಮಚ, ಸ್ಟೀಲ್ ತಟ್ಟೆ ಸಿಕ್ಕಿಸಲೇಬೇಡಿ, ಅದರ ಕ್ರೋಮಿಯಂ ನೀರಿಗೆ ಇಳಿದು ವಿಷವಾಗುತ್ತದೆ. ಕೆಲಸ ಮನೆಯೊಳಗೆ ಬೇಡ. ಏಳುವ ಗುಳ್ಳೆ ಹೈಡ್ರೋಜನ್, ಹತ್ತಿರ ಬೀಡಿ, ಒಲೆ ಇರಬಾರದು. ಹಿತ್ತಾಳೆ ಬುಷ್, ಅಲ್ಯೂಮಿನಿಯಂ ಭಾಗಗಳನ್ನು ಮೊದಲೇ ಕಳಚಿಡಿ.

ಸೋಡ ನೀರು ಬಣ್ಣವನ್ನೂ ಎಬ್ಬಿಸುತ್ತದೆ. ಹೊರಗೆ ಕಂಪನಿಯ ಹೆಸರು, ಚಿನ್ನದ ಗೆರೆ ಉಳಿದಿದ್ದರೆ ಆ ಭಾಗವನ್ನು ಮುಳುಗಿಸಬೇಡಿ, ಲಂಡನ್ನಿನ ಸ್ಪಾಂಗ್ ಕಂಪನಿಯ ಹಳೆಯ ಮಿಷನ್ನುಗಳಿಗೆ ಸಂಗ್ರಹಕಾರರು ಬೆಲೆ ಕೊಡುವುದೇ ಅದಕ್ಕೆ. ಒಳಗಿನ ಬಣ್ಣದ ವಿಷಯ ಬೇರೆ. ಹಳೆಯ ಕೆಂಪು ಬಣ್ಣದಲ್ಲಿ ಸೀಸ ಇದೆ ಎಂದೇ ಇಟ್ಟುಕೊಳ್ಳಿ. ಬೀಜ ತಾಗುವ ಜಾಗದಲ್ಲಿ ಪೂರ್ತಿ ತೆಗೆಯಬೇಕು, ಆದರೆ ಒಣಗಿದ್ದಾಗ ಉಪ್ಪುಕಾಗದದಲ್ಲಿ ಉಜ್ಜಬೇಡಿ, ಧೂಳು ಉಸಿರಿಗೆ ಹೋಗುತ್ತದೆ. ಸೋಡ ನೀರಿನಲ್ಲಿ ಮೆತ್ತಗಾದ ಮೇಲೆ ಗ್ಲೌಸ್ ಹಾಕಿ ಒದ್ದೆಯಲ್ಲೇ ಕೆರೆದು, ಆ ಕೆಸರನ್ನು ತೋಟಕ್ಕೆ ಚೆಲ್ಲದೆ ಕಟ್ಟಿಡಿ. ಮತ್ತೆ ಒಳಗೆ ಬಣ್ಣ ಬಳಿಯಬೇಡಿ, ಬರಿ ಬೀಡೇ ಸರಿ.

ನೀರಿನಿಂದ ತೆಗೆದ ಹತ್ತೇ ನಿಮಿಷದಲ್ಲಿ ಹೊಸ ತುಕ್ಕಿನ ಹಳದಿ ಛಾಯೆ ಬರುತ್ತದೆ. ಅದಕ್ಕೆ ಮೊದಲು ಬಿಸಿನೀರು, ಪಾತ್ರೆ ಸೋಪಿನಲ್ಲಿ ತೊಳೆದು, ಒಲೆಯ ಹತ್ತಿರ ಕೈ ಇಡಲು ಆಗದಷ್ಟು ಬಿಸಿ ಮಾಡಿ ಒಣಗಿಸಿ. ಒಳಭಾಗಕ್ಕೆ ಮೆಡಿಕಲ್ ಶಾಪಿನ ಲಿಕ್ವಿಡ್ ಪ್ಯಾರಾಫಿನ್ ತೆಳುವಾಗಿ ಸವರಿ. ತೆಂಗಿನೆಣ್ಣೆ ಬೇಡ, ಹಳೆಯದಾದಂತೆ ಕಮಟು ವಾಸನೆ ಬಂದು ಕಾಫಿಗೆ ಹಿಡಿಯುತ್ತದೆ. ಹೊರಮೈಗೆ ಜೇನುಮೇಣ ಒಂದು ಪಾಲು, ಟರ್ಪೆಂಟೈನ್ ಮೂರು ಪಾಲು. ಬಿಸಿನೀರಿನ ಪಾತ್ರೆಯಲ್ಲಿಟ್ಟು ಕರಗಿಸಿ, ನೇರ ಬೆಂಕಿಯ ಮೇಲೆ ಅಲ್ಲ. ನಮ್ಮ ಜಿಲ್ಲೆಯಲ್ಲಿ ಜೇನುಮೇಣಕ್ಕೆ ಬರವಿಲ್ಲ.

ಇಲ್ಲದ ಬೋಲ್ಟಿಗೆ ಹಾರ್ಡ್‌ವೇರ್ ಅಂಗಡಿಯಲ್ಲಿ ಎಂ8, ಅಂದರೆ 8 ಮಿಲಿಮೀಟರಿನ ಬೋಲ್ಟ್ ಕೊಡುತ್ತಾರೆ. ಎರಡು ಸುತ್ತು ಸಲೀಸಾಗಿ ಹೋಗುತ್ತದೆ, ಆಮೇಲೆ ಬಿಗಿದು ಮಿಷನ್ನಿನ ಮರೆಯನ್ನೇ (ತೂತಿನೊಳಗಿನ ತಿರುಪಿನ ಗೆರೆಗಳನ್ನೇ) ಕಿತ್ತುಹಾಕುತ್ತದೆ. ಬ್ರಿಟಿಷ್ ಕಾಲದ ಸಾಮಾನಾದರೆ ಮರೆ ವಿಟ್‌ವರ್ತ್ ಎಂಬ ಹಳೆಯ ಬ್ರಿಟಿಷ್ ಅಳತೆಯದ್ದು: 5/16 ಇಂಚಿನ ಬೋಲ್ಟಿಗೆ ಪ್ರತಿ ಇಂಚಿಗೆ 18 ಸುತ್ತು, 1/4 ಇಂಚಿನದಕ್ಕೆ 20 ಸುತ್ತು. ಲೇತ್ ಇರುವವರ ಹತ್ತಿರ ಬಿಎಸ್‌ಡಬ್ಲ್ಯು (ಬ್ರಿಟಿಷ್ ಸ್ಟ್ಯಾಂಡರ್ಡ್ ವಿಟ್‌ವರ್ತ್) ಎಂದು ಕೇಳಿ.

ಜೋಡಿಸಿದ ಮೇಲೆ ಹಳೆಯ ಹುರಿದ ಬೀಜ 50 ಗ್ರಾಂನಂತೆ ಮೂರು ಸಲ ಅರೆದು ಎಸೆಯಿರಿ. ಹಲ್ಲಿನ ಅಂಚು ಬೆರಳಿಗೆ ಚೂಪಾಗಿ ತಾಗದಿದ್ದರೆ ಅದು ಕತ್ತರಿಸುವುದಿಲ್ಲ, ಜಜ್ಜುತ್ತದೆ, ಪುಡಿ ಬಿಸಿಯಾಗುತ್ತದೆ. ತ್ರಿಕೋನ ಅರ ಹಿಡಿದು ನೋಡಿ. ಅರ ಕಚ್ಚದೆ ಜಾರಿದರೆ ಲೋಹ ಗಡುಸು, ಅದನ್ನು ಮನೆಯಲ್ಲಿ ಹರಿತ ಮಾಡಲಾಗದು. ಚಿಕೋರಿಯನ್ನು ಇದರಲ್ಲಿ ಅರೆಯಬೇಡಿ. ತೇವ ಹೀರಿ ಹಲ್ಲಿಗೆ ಮೆತ್ತಿಕೊಳ್ಳುತ್ತದೆ. ಪುಡಿಯಾದದ್ದನ್ನು ಆಮೇಲೆ ಬೆರೆಸಿ.

---

ಹೊಸಹೊಳಪು:

ಇಷ್ಟೆಲ್ಲ ಯಾಕೆ? ಗ್ರೈಂಡರಿಗೆ ವೈರ್ ಬ್ರಷ್ ಹಾಕಿ ಎಲ್ಲವನ್ನೂ ಉಜ್ಜಿ, ಹಂಡೆಗೂ ಕುರ್ಚಿಗೂ ಕ್ಲಿಯರ್ ಲ್ಯಾಕರ್ ಸ್ಪ್ರೇ ಹೊಡೆದರೆ ಒಂದೇ ದಿನದಲ್ಲಿ ಹೊಸದರಂತೆ ಆಗುತ್ತದೆ.

---

ಕಲಾಯಿ_ಕೆಲಸ:

ಹಿತ್ತಾಳೆಗೆ ಲ್ಯಾಕರ್ ಹೊಡೆದು ಕೊಡಗಿನ ಮಳೆಗಾಲಕ್ಕೆ ಬಿಟ್ಟರೆ ಎಲ್ಲಿ ಗೀರು ಬೀಳುತ್ತದೋ ಅಲ್ಲಿಂದ ತೇವ ಪದರದ ಕೆಳಗೆ ಹರಡುತ್ತದೆ. ಎರಡನೇ ವರ್ಷಕ್ಕೆ ಜೇಡರ ಬಲೆಯಂಥ ಕಪ್ಪು ಗೆರೆ ಕಾಣುತ್ತದೆ, ಅದನ್ನು ಉಜ್ಜಲೂ ಆಗುವುದಿಲ್ಲ, ಥಿನ್ನರ್ ಹಾಕಿ ಪೂರ್ತಿ ತೆಗೆಯಬೇಕು. ಮೇಣವಾದರೆ ಮಳೆಗೆ ಮೊದಲೊಮ್ಮೆ, ನಂತರ ಒಮ್ಮೆ ಬಟ್ಟೆಯಲ್ಲಿ ಸವರಿದರಾಯಿತು. ಗ್ರೈಂಡರಿನ ಬ್ರಷ್ ಸುತ್ತಿಗೆ ಏಟಿನ ಗುರುತು, ಕುಶಲಕರ್ಮಿಯ ಮುದ್ರೆ ಎರಡನ್ನೂ ಅಳಿಸುತ್ತದೆ. ಅಳಿಸಿದ್ದು ಮತ್ತೆ ಬರುವುದಿಲ್ಲ.

ಹಂಡೆಯನ್ನು ಮೊದಲು ಆಯಸ್ಕಾಂತದಿಂದ ನೋಡಿ. ಅಂಟಿಕೊಂಡರೆ ಅದು ಹಿತ್ತಾಳೆ ಮುಲಾಮಿನ ಕಬ್ಬಿಣ, ಉಜ್ಜಿದಷ್ಟೂ ಮುಲಾಮು ಹೋಗುತ್ತದೆ. ನಿಜವಾದ ಹಿತ್ತಾಳೆಯಾದರೆ ಲಿಂಬೆ ಗಾತ್ರದ ಹುಣಸೆಹಣ್ಣು, ಒಂದು ಚಮಚ ಉಪ್ಪು, ಒಂದು ಅಡಿ ಜಾಗವನ್ನು ಐದು ನಿಮಿಷ ಉಜ್ಜಿ, ಕೂಡಲೇ ತೊಳೆದು ಮುಂದಕ್ಕೆ ಹೋಗಿ. ರಾತ್ರಿಯಿಡೀ ಹುಣಸೆನೀರಿನಲ್ಲಿ ನೆನೆಸಿಟ್ಟರೆ ಗುಲಾಬಿ ಮಚ್ಚೆ ಏಳುತ್ತದೆ. ಮೇಲ್ಮೈಯ ಸತು ಕರಗಿಹೋಗಿ ತಾಮ್ರ ಉಳಿದ ಗುರುತು ಅದು. ಹಸಿರು ಕಿಲುಬು ಇದ್ದಲ್ಲಿ ಅಡುಗೆ ಸೋಡದ ನೀರಿನಿಂದ ಕೊನೆಯ ತೊಳೆತ ಕೊಡಿ, ಒರೆಸಿ, ಒಂದು ಗಂಟೆ ಬಿಸಿಲಿಗಿಟ್ಟು, ಬೆಚ್ಚಗಿರುವಾಗಲೇ ಮೇಣ ಹಚ್ಚಿ. ತಳದ ಮಸಿ ಇದ್ದರೆ ಇರಲಿ.

ಈಗ ಬಿರುಕು. ಇದರ ಕಾರಣ ತಿಳಿದುಕೊಳ್ಳುವುದು ಮುಖ್ಯ, ಇಲ್ಲವಾದರೆ ಮತ್ತೊಂದು ಕಡೆ ಸೀಳುತ್ತದೆ. ಬಡಿದು ಮಾಡಿದ ಹಿತ್ತಾಳೆಯೊಳಗೆ ಬಿಗಿತ ಉಳಿದಿರುತ್ತದೆ. ಅದಕ್ಕೆ ಅಮೋನಿಯ ಮತ್ತು ತೇವ ಒಟ್ಟಿಗೆ ತಾಗಿದರೆ ಯಾರೂ ಮುಟ್ಟದೆಯೇ ಸೀಳು ಬೀಳುತ್ತದೆ. ಬ್ರಿಟಿಷ್ ಸೈನ್ಯ ಭಾರತದಲ್ಲಿ ಮಳೆಗಾಲಕ್ಕೆಂದು ಕುದುರೆ ಲಾಯಗಳಲ್ಲಿ ಇಟ್ಟ ಹಿತ್ತಾಳೆ ತೋಟಾಗಳು ಹೀಗೆಯೇ ಒಡೆಯುತ್ತಿದ್ದವು. ಕುದುರೆ ಗಂಜಲದ ಅಮೋನಿಯವೇ ಕಾರಣ ಎಂದು 1921ರಲ್ಲಿ ಖಚಿತವಾಯಿತು. ಹಾಗಾಗಿ ಹಂಡೆಯನ್ನು ಕೊಟ್ಟಿಗೆಯ ಪಕ್ಕ ಇಡಬೇಡಿ. ಗಿಡಕ್ಕೆ ಯೂರಿಯ, ಸೆಗಣಿ ಬಗ್ಗಡ, ಗಂಜಲ ಹಾಕುವವರಾದರೆ ಮಣ್ಣು ನೇರ ಹಿತ್ತಾಳೆಗೆ ತಾಗಲೇಬಾರದು. ಅಂಗಡಿಯಲ್ಲಿ ಸಿಗುವ ಪಾಲಿಶ್‌ಗಳಲ್ಲೂ ಕೆಲವಕ್ಕೆ ಅಮೋನಿಯ ಇರುತ್ತದೆ, ವಾಸನೆಯಲ್ಲೇ ಗೊತ್ತಾಗುತ್ತದೆ.

ತೂತು ಕೊರೆಯುವ ಅಗತ್ಯವೇ ಇಲ್ಲ. ತಳಕ್ಕೆ ಮೂರು ನಾಲ್ಕು ಸೆಂಟಿಮೀಟರ್ ಜಲ್ಲಿ ಹಾಕಿ, ಅದರ ಮೇಲೆ ಗಿಡವಿರುವ ಪ್ಲಾಸ್ಟಿಕ್ ಕುಂಡವನ್ನು ಹಾಗೇ ಇಳಿಸಿ. ಹೆಚ್ಚಾದ ನೀರು ಬಿರುಕಿನಿಂದ ಹೋಗುತ್ತದೆ. ನಾಳೆ ಬೆಸುಗೆ ಹಾಕಿಸಿ ಹಂಡೆಯಾಗಿಯೇ ಬಳಸುವ ಮನಸ್ಸಾದರೆ ದಾರಿ ತೆರೆದಿರುತ್ತದೆ. ಆಗ ತವರದ ಬೆಸುಗೆ ಬೇಡ, ಒಲೆಯ ಮೇಲೆ ನೀರು ಬತ್ತಿದರೆ ಕರಗಿ ಬೀಳುತ್ತದೆ. ಬ್ರೇಜಿಂಗ್, ಅಂದರೆ ಹೆಚ್ಚು ಶಾಖದಲ್ಲಿ ಮಾತ್ರ ಕರಗುವ ಬೆಸುಗೆ ಮಾಡಿಸಬೇಕು.

ಬಂಗಲೆಯಲ್ಲಿ ಅಡುಗೆಯ ಹಿತ್ತಾಳೆ, ತಾಮ್ರದ ಪಾತ್ರೆ ಸಿಕ್ಕರೆ ಒಳಗಿನ ಕಲಾಯಿ ನೋಡಿ. ಬೆಳ್ಳಿಯಂತೆ ಎಲ್ಲ ಕಡೆ ಒಂದೇ ಸಮ ಇರಬೇಕು. ನಡುವೆ ಹಳದಿಯೋ ಕೆಂಪೋ ಇಣುಕಿದರೆ ಮತ್ತೆ ಕಲಾಯಿ ಹಾಕಿಸದೆ ಹುಳಿ ಅಡುಗೆ ಬೇಡವೇ ಬೇಡ. ಪಂದಿಕರಿಗೆ ಕಾಚಂಪುಳಿ ಬೀಳುವ ಊರು ನಮ್ಮದು, ಅಷ್ಟು ತೀಕ್ಷ್ಣ ಹುಳಿ ಬರಿ ಹಿತ್ತಾಳೆಯನ್ನು ಕೂಡಲೇ ತಿನ್ನುತ್ತದೆ. ಹಾಕಿಸುವಾಗ ಶುದ್ಧ ತವರ ಎಂದು ಎದುರು ನಿಂತು ಹಾಕಿಸಿ. ಸೀಸ ಬೆರೆತ ಅಗ್ಗದ ಬೆಸುಗೆ ಕಡ್ಡಿಯಲ್ಲಿ ಕಲಾಯಿ ಮಾಡುವವರೂ ಇದ್ದಾರೆ.

ಕಂಚನ್ನು ಬೆರಳಿನಿಂದ ತಟ್ಟಿದರೆ ನಾದ ಬಹಳ ಹೊತ್ತು ನಿಲ್ಲುತ್ತದೆ. ಬೊಕ್ಕು ನಾದ ಬಂದರೆ ಎಲ್ಲೋ ಸೀಳಿದೆ. ತಗ್ಗಿದ ಕಂಚನ್ನು ಸುತ್ತಿಗೆಯಲ್ಲಿ ಸರಿಮಾಡಲು ಹೋಗಬೇಡಿ, ಅದರಲ್ಲಿ ತವರ ಹೆಚ್ಚು, ಗಾಜಿನಂತೆ ಒಡೆಯುತ್ತದೆ.

---

ಹಾರಂಗಿ_ದಂಡೆ:

ತುಂಬಾ ಉಪಕಾರ. ಯೂರಿಯ ವಿಷಯ ಗೊತ್ತೇ ಇರಲಿಲ್ಲ. ಕುರ್ಚಿಯ ಚೌಕಟ್ಟಿನ ತೂತುಗಳನ್ನು ಅಳೆದೆ: ತೂತು 6 ಮಿಲಿಮೀಟರ್, ಒಂದರ ನಡುವಿನಿಂದ ಇನ್ನೊಂದರ ನಡುವಿಗೆ 19. ಯಾವ ಬೆತ್ತ ಬೇಕು? ಮಳೆಗೆ ಮೊದಲು ಮುಗಿಸಬಹುದೇ?

---

ಬೆತ್ತದ_ಹೆಣಿಗೆ:

19ಕ್ಕೆ 3 ಮಿಲಿಮೀಟರ್ ಅಗಲದ ಬೆತ್ತದ ಪಟ್ಟಿ. ತೂತುಗಳ ಅಂತರ 12-13 ಇದ್ದಿದ್ದರೆ 2.25 ಬೇಕಿತ್ತು. ದಪ್ಪದ್ದು ಹಾಕಿದರೆ ಆರನೇ ಸುತ್ತಿಗೆ ತೂತಿನಲ್ಲಿ ಜಾಗವೇ ಉಳಿಯುವುದಿಲ್ಲ, ತೆಳುವಾದರೆ ಹೆಣಿಗೆ ಜಾಳಾಗಿ ಕೂತಲ್ಲೇ ಜೋಲುತ್ತದೆ. ಸಾಧಾರಣ ಕುರ್ಚಿಯ ಸೀಟಿಗೆ 75-80 ಮೀಟರ್ ಹಿಡಿಯುತ್ತದೆ. ಸೀಟೂ ಬೆನ್ನೂ ಒಂದೇ ಆಗಿರುವ ಈ ಕುರ್ಚಿಗೆ ಅದರ ಮೂರು ನಾಲ್ಕು ಪಟ್ಟು ಇಟ್ಟುಕೊಳ್ಳಿ.

ಬೆತ್ತಕ್ಕೆ ಮೊದಲು ಮರ. ಹುಡಿ ಒರೆಸಿ, ಕಾಲಿನ ಕೆಳಗೆ ಕಪ್ಪು ಕಾಗದ ಹಾಸಿ ಎರಡು ವಾರ ಬಿಡಿ. ಹೊಸ ಹುಡಿ ಬಿದ್ದರೆ ಹುಳ ಒಳಗೇ ಇದೆ. ಬೀಟೆ, ತೇಗದ ತಿರುಳಿಗೆ ಈ ಹುಳ ಹೋಗುವುದು ಅಪರೂಪ, ತಿಳಿಬಣ್ಣದ ಬಿಳಿಮರದ ಅಂಚನ್ನೇ ತಿನ್ನುತ್ತದೆ. ಹಾಗಾಗಿ ಕಾಲನ್ನೇ ಬದಲಿಸುವ ಅವಸರ ಬೇಡ. ದಪ್ಪ ಸೂಜಿಯಿಂದ ಚುಚ್ಚಿ, ಎಷ್ಟು ಆಳಕ್ಕೆ ಮೆತ್ತಗಿದೆ ನೋಡಿ. ಬಣ್ಣದಂಗಡಿಯಲ್ಲಿ ಮರದ ಹುಳಕ್ಕೆಂದೇ ಸಿಗುವ ಔಷಧವನ್ನು ಸಿರಿಂಜಿನಿಂದ ಪ್ರತಿ ತೂತಿಗೂ ಬಿಟ್ಟು, ಪಾಲಿಥೀನಿನಲ್ಲಿ ಕಾಲನ್ನು ಸುತ್ತಿ ಒಂದು ವಾರ ಇಡಿ. ಅಲ್ಲಿವರೆಗೆ ಮನೆಯ ಬೇರೆ ಮರದ ಸಾಮಾನಿನ ಹತ್ತಿರ ಬೇಡ.

ಅಲುಗುವ ಕೀಲಿಗೆ ಫೆವಿಕಾಲ್ ಸುರಿಯುವುದು ಸಾಮಾನ್ಯ ತಪ್ಪು. ಹಳೆಯ ಸರೇಸಿನ ಅಂಟಿನ ಮೇಲೆ ಅದು ಹಿಡಿಯುವುದೇ ಇಲ್ಲ. ಬಿಸಿನೀರಿನ ಬಟ್ಟೆಯಿಂದ ಹಳೆಯ ಅಂಟನ್ನು ಮೆತ್ತಗೆ ಮಾಡಿ ಕೆರೆದು, ಮರ ಒಣಗಿದ ಮೇಲೆ ಹೊಸದು. ಪಾಲಿಶ್ ಯಾವುದೆಂದು ತಿಳಿಯಲು ಸೀಟಿನ ಕೆಳಗೆ ಮರೆಯಲ್ಲಿ ಸ್ಪಿರಿಟ್ ಹನಿ ಹಾಕಿ. ಅಂಟಂಟಾದರೆ ಅರಗಿನ ಫ್ರೆಂಚ್ ಪಾಲಿಶ್. ಅದನ್ನು ಕೆರೆದು ತೆಗೆಯಬೇಡಿ, ಅದರ ಮೇಲೇ ಹೊಸ ಕೈ ಕೊಡಬಹುದು. ಆದರೆ ಈಗಲ್ಲ. ಗಾಳಿಯಲ್ಲಿ ತೇವವಿದ್ದಾಗ ಅರಗಿನ ಪಾಲಿಶ್ ಮಂಜು ಕವಿದಂತೆ ಬೆಳ್ಳಗಾಗುತ್ತದೆ. ಡಿಸೆಂಬರಿನಿಂದ ಮಾರ್ಚ್ ಒಳ್ಳೆಯ ಕಾಲ.

ಹೆಣಿಗೆ ಹೀಗೆ: ಹಳೆಯ ಬೆತ್ತ ಕತ್ತರಿಸಿ ತೆಗೆದು, ತೂತುಗಳಲ್ಲಿ ಉಳಿದ ಬೆಣೆಗಳನ್ನು ಕೆಳಗಿನಿಂದ ಮೊಳೆಯಿಂದ ತಟ್ಟಿ ಬೀಳಿಸಿ. ನಾಲ್ಕೈದು ಎಳೆಯನ್ನು ಮಾತ್ರ ಉಗುರುಬೆಚ್ಚಗಿನ ನೀರಿನಲ್ಲಿ 15-20 ನಿಮಿಷ ನೆನೆಸಿ. ಗಂಟೆಗಟ್ಟಲೆ ನೆನೆದರೆ ಬಣ್ಣ ಕಪ್ಪಿಡುತ್ತದೆ. ಹೊಳಪಿನ ಮೈ ಯಾವಾಗಲೂ ಮೇಲಕ್ಕೆ. ಮೊದಲ ಸುತ್ತು ನಡುವಿನ ತೂತಿನಿಂದ ಹೊರಟು ತಲೆಯಿಂದ ಕಾಲಿನ ಕಡೆಗೆ. ಎರಡನೆಯದು ಅದರ ಮೇಲೆ ಅಡ್ಡ. ಮೂರನೆಯದು ಮತ್ತೆ ಉದ್ದಕ್ಕೆ, ಮೊದಲ ಎಳೆಯ ಬಲಕ್ಕೆ ಸರಿದು, ಅಡ್ಡ ಎಳೆಯ ಮೇಲೆ. ಈ ಮೂರರಲ್ಲಿ ಹೆಣಿಗೆಯೇ ಇಲ್ಲ, ಬರಿ ಹಾಸುವುದು. ನಾಲ್ಕನೆಯದು ಅಡ್ಡ, ಇಲ್ಲಿ ಹೆಣಿಗೆ ಶುರು: ಮೂರನೇ ಸುತ್ತಿನ ಎಳೆಯ ಮೇಲೆ, ಮೊದಲನೆಯದರ ಕೆಳಗೆ. ಐದನೆಯದೂ ಆರನೆಯದೂ ಓರೆ ಸುತ್ತುಗಳು. ಒಂದು ಓರೆ ಉದ್ದದ ಜೋಡಿಯ ಮೇಲೆ ಹೋಗಿ ಅಡ್ಡ ಜೋಡಿಯ ಕೆಳಗೆ ಹೋದರೆ, ಇನ್ನೊಂದು ಅದಕ್ಕೆ ತದ್ವಿರುದ್ಧ. ಓರೆ ಎಳೆ ಸಲೀಸಾಗಿ ಜಾರದೆ ಜೋಡಿಗಳ ಮೂಲೆಯಲ್ಲಿ ಕಚ್ಚಿಕೊಂಡರೆ ನೀವು ಮೇಲೆ ಕೆಳಗೆ ತಪ್ಪಿದ್ದೀರಿ ಎಂದರ್ಥ, ಅಲ್ಲೇ ಬಿಚ್ಚಿ.

ಮೊದಲ ಎರಡು ಸುತ್ತನ್ನು ಬಿಗಿಯಾಗಿ ಎಳೆಯಬೇಡಿ. ಮುಂದಿನ ನಾಲ್ಕೂ ಅವನ್ನು ಬಿಗಿ ಮಾಡುತ್ತಲೇ ಹೋಗುತ್ತವೆ, ಒಣಗಿದಾಗ ಇನ್ನಷ್ಟು. ಆಗ ಎಳೆ ತುಂಡಾಗುತ್ತದೆ, ಹಳೆಯ ಚೌಕಟ್ಟಾದರೆ ತೂತಿನಿಂದ ತೂತಿಗೆ ಮರ ಸೀಳುವುದೂ ಉಂಟು.

ಕೆಳಮೈಗೆ ವಾರ್ನಿಷ್ ಬೇಡ. ಮುಂದೆ ಜೋಲಿದಾಗ ಕೆಳಗಿನಿಂದ ಒದ್ದೆ ಬಟ್ಟೆ ಒತ್ತಿ ಒಣಗಲು ಬಿಟ್ಟರೆ ತಾನೇ ಬಿಗಿಯಾಗುತ್ತದೆ, ವಾರ್ನಿಷ್ ಇದ್ದರೆ ನೀರು ಒಳಗೆ ಹೋಗುವುದಿಲ್ಲ.

ನನ್ನ ಸಲಹೆ, ಹೆಣಿಗೆಯನ್ನು ಮಳೆ ಮುಗಿಯುವವರೆಗೆ ಹಿಡಿದುಕೊಳ್ಳಿ. ಕಾಗದದ ಪರೀಕ್ಷೆಗೇ ಎರಡು ವಾರ ಬೇಕು, ಒದ್ದೆ ಬೆತ್ತ ಜೂನಿನಲ್ಲಿ ಒಣಗದೆ ಬೂಸ್ಟು ಹಿಡಿಯುತ್ತದೆ.

---

ಪೊನ್ನಂಪೇಟೆ_ಓದುಗ:

ಬಂಗಲೆ ಮಾರಾಟದ ಬಗ್ಗೆ ಯಾರೂ ಹೇಳಲಿಲ್ಲ. ಆಯಸ್ಕಾಂತ, ಟಾರ್ಚ್, ಅಳತೆ ಟೇಪು, ದಪ್ಪ ಸೂಜಿ, ಕೈಚೀಲದಲ್ಲಿ ಇಷ್ಟಿರಲಿ. ಹಾಲ್‌ನಲ್ಲಿ ಒಪ್ಪವಾಗಿಟ್ಟದ್ದಕ್ಕೆ ಎಲ್ಲರೂ ಮುಗಿಬೀಳುತ್ತಾರೆ, ನೀವು ಅಡುಗೆಮನೆಯ ಹಿಂದಿನ ಉಗ್ರಾಣ, ಕಾಫಿ ಗೋದಾಮು, ಅಟ್ಟ ಮೊದಲು ನೋಡಿ. ಉಪ್ಪಿನಕಾಯಿ ಭರಣಿ, ಬೀಡಿನ ಬಾಣಲೆ, ತಕ್ಕಡಿ, ತೂಕದ ಕಲ್ಲು, ಹಿತ್ತಾಳೆ ಬೀಗ, ಬಾಗಿಲ ಕೊಂಡಿ ಸಿಗುವುದು ಅಲ್ಲೇ. ಭರಣಿಗೆ ನೀರು ತುಂಬಿ ಕಾಗದದ ಮೇಲೆ ಒಂದು ರಾತ್ರಿ ಇಟ್ಟರೆ ಕಾಣದ ಬಿರುಕು ಗೊತ್ತಾಗುತ್ತದೆ. ಅಲ್ಲಿ ಅಷ್ಟು ಸಮಯವಿಲ್ಲ, ತಟ್ಟಿ ನಾದ ಕೇಳಿ. ಚಕ್ಕೆ ಎದ್ದ ಎನಾಮಲ್ ತಟ್ಟೆಯನ್ನು ಊಟಕ್ಕೆ ಬಳಸಬೇಡಿ, ಗೋಡೆಗೆ ಸರಿ.

ಮರದ ಸಾಮಾನಿನಲ್ಲಿ ಡ್ರಾಯರ್ ಎಳೆದು ಹಿಂಬದಿ ನೋಡಿ. ಪ್ಲೈವುಡ್ ಇದೆಯೇ, ಸ್ಕ್ರೂ ತಲೆಯಲ್ಲಿ ಒಂದು ಗೆರೆಯೋ ನಕ್ಷತ್ರವೋ? ನಕ್ಷತ್ರದ ತಲೆಯ ಸ್ಕ್ರೂ ಬಂದದ್ದೇ 1930ರ ದಶಕದಲ್ಲಿ. ಅದಕ್ಕೂ ಹಿಂದಿನದೆಂದು ಹೇಳಿ ಮಾರುವ ಬೀರುವಿನಲ್ಲಿ ಅದಿದ್ದರೆ ಒಂದೋ ರಿಪೇರಿಯಾಗಿದೆ, ಇಲ್ಲ ಮಾತು ಸುಳ್ಳು. ವಾಲ್ವ್ ರೇಡಿಯೊ ಕೊಂಡರೆ ಅಲ್ಲೇ ಪ್ಲಗ್ ಹಾಕಿಸಬೇಡಿ. ಒಳಗಿನ ಹಳೆಯ ಕೆಪಾಸಿಟರುಗಳು ಕೆಟ್ಟಿರುತ್ತವೆ, ಟ್ರಾನ್ಸ್‌ಫಾರ್ಮರ್ ಸುಟ್ಟರೆ ಬದಲಿ ಸಿಗುವುದು ಕಷ್ಟ. ಪೆಟ್ರೊಮ್ಯಾಕ್ಸ್ ಸಿಕ್ಕರೆ ಹಳೆಯ ಮ್ಯಾಂಟಲ್‌ನ ಬೂದಿ ಊದಬೇಡಿ, ಅದರಲ್ಲಿ ವಿಕಿರಣದ ಥೋರಿಯಂ ಇರುತ್ತಿತ್ತು, ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ. ಬಲ್ಬ್ ಹಾಕಲು ಟ್ಯಾಂಕ್ ಕೊರೆಯುವ ಬದಲು ಬ್ಯಾಟರಿಯ ಎಲ್‌ಇಡಿಯನ್ನು ಗಾಜಿನೊಳಗೆ ಇಟ್ಟರೆ ಸಾಕು.

ಮುಟ್ಟಬಾರದ್ದು: ಕಡವೆ ಕೊಂಬು, ಕಾಟಿ (ಕಾಡುಕೋಣ) ತಲೆ, ದಂತ, ಉಗುರು, ಚರ್ಮ. ಹಳೆಯ ಬಂಗಲೆಗಳ ಗೋಡೆಯಲ್ಲಿ ಇವು ಇದ್ದೇ ಇರುತ್ತವೆ, ಪುಕ್ಕಟೆ ಕೊಟ್ಟರೂ ಬೇಡ. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ ಪ್ರಕಾರ ಕೊಳ್ಳುವುದೂ ಅಪರಾಧ. ಕೋವಿ ಕೂಡ ಹಾಗೇ. ಕೊಡವರಿಗೆ ಲೈಸೆನ್ಸ್ ವಿನಾಯಿತಿ ಇದೆ ಎಂದರೆ ಗುಜರಿ ಲೆಕ್ಕದಲ್ಲಿ ಕೈಬದಲಾಯಿಸಬಹುದು ಎಂದಲ್ಲ. ಬೀಟೆಯ ಬಿಡಿ ಹಲಗೆ, ತೊಲೆ, ಬಾಗಿಲ ದಾರಂದವನ್ನು ಕಾಗದವಿಲ್ಲದೆ ಗಾಡಿಗೆ ಹಾಕಬೇಡಿ, ಮೊದಲು ಅರಣ್ಯ ಕಚೇರಿಯಲ್ಲಿ ಕೇಳಿ. ಸಿದ್ಧ ಪೀಠೋಪಕರಣಕ್ಕೂ ಮಾರುವವರಿಂದ ಸಹಿ ಮಾಡಿದ ರಸೀದಿ ತೆಗೆದುಕೊಳ್ಳಿ. ನೂರು ವರ್ಷ ದಾಟಿದ ವಿಗ್ರಹ, ಚಿತ್ರ, ನಾಣ್ಯ, 75 ವರ್ಷ ದಾಟಿದ ಹಸ್ತಪ್ರತಿ ಪುರಾತನ ವಸ್ತು ಕಾಯ್ದೆಗೆ ಬರಬಹುದು. ವಿದೇಶದಲ್ಲಿರುವ ನೆಂಟರಿಗೆ ಕಳಿಸುವ ಯೋಚನೆಯಿದ್ದರೆ ಬಿಟ್ಟುಬಿಡಿ.

ಇನ್ನೊಂದನ್ನು ಕಾನೂನಿಗಿಂತ ಜೋರಾಗಿ ಹೇಳುತ್ತೇನೆ. ಐನ್‌ಮನೆಯ (ಕೊಡವ ಮನೆತನದ ಮೂಲಮನೆಯ) ನೆಲ್ಲಕ್ಕಿ ನಡುಬಾಡೆಯ, ಅಂದರೆ ನಡುಮನೆಯ ತೂಗುದೀಪ, ಪೀಚೆಕತ್ತಿ, ಒಡಿಕತ್ತಿ ಎಂಬ ಕೊಡವ ಕತ್ತಿಗಳು, ಕಾರಣರಿಗೆ (ಹಿರಿಯರ ಆತ್ಮಗಳಿಗೆ) ಎಡೆ ಇಡುವ ಪಾತ್ರೆ ಯಾರದ್ದೋ ಒಬ್ಬರ ಸ್ವತ್ತಲ್ಲ, ಇಡೀ ಒಕ್ಕದ್ದು, ಅಂದರೆ ಮನೆತನದ್ದು. ದುಡ್ಡಿನ ಅಡಚಣೆಯಲ್ಲಿ ಒಬ್ಬರು ಗುಜರಿಗೆ ಹಾಕಿಬಿಡುತ್ತಾರೆ, ತೂಕದ ಬೆಲೆಗೆ. ಅಂಥದ್ದು ಕಣ್ಣಿಗೆ ಬಿದ್ದರೆ ಯಾವ ಮನೆಯದೆಂದು ಕೇಳಿ. ಪಾತ್ರೆಯ ಕಂಠದಲ್ಲೋ ತಳದಲ್ಲೋ ಮನೆತನದ ಹೆಸರನ್ನು ಚುಕ್ಕಿ ಹೊಡೆದು ಬರೆದಿರುವುದುಂಟು. ಗೊತ್ತಾದರೆ ಪಟ್ಟೆದಾರರಿಗೆ (ಮನೆತನದ ಹಿರಿಯರಿಗೆ) ತಿಳಿಸಿ, ಅಂಗಡಿಯವರಿಗೆ ಒಂದು ವಾರ ತೆಗೆದಿಡಲು ಹೇಳಿ. ಕೊಂಡುಕೊಳ್ಳುವುದಿದ್ದರೂ ಆ ಮಾತು ಆದ ಮೇಲೆ.

---

ಹಾರಂಗಿ_ದಂಡೆ:

ಹಂಡೆಯ ಕಂಠದಲ್ಲಿ ಚುಕ್ಕಿಯ ಅಕ್ಷರ ಇದೆ. ಮಸಿಯಡಿ ಮುಚ್ಚಿತ್ತು, ಈಗ ನೋಡಿದೆ. ಎರಡು ಅಕ್ಷರ ಮತ್ತು ಒಂದು ಸಂಖ್ಯೆ ಕಾಣುತ್ತಿದೆ, ಉಳಿದದ್ದು ಕಿಲುಬಿನೊಳಗೆ. ಉಜ್ಜಿದರೆ ಅಳಿಸಿಹೋಗುತ್ತದೆಯೇ?

---

ಕಲಾಯಿ_ಕೆಲಸ:

ಆ ಜಾಗಕ್ಕೆ ಹುಣಸೆ ಬೇಡ. ಅಡುಗೆ ಸೋಡವನ್ನು ನೀರಿನಲ್ಲಿ ಕಲಸಿ ಹಳೆಯ ಮೆತ್ತನೆ ಹಲ್ಲುಜ್ಜುವ ಬ್ರಷ್‌ನಲ್ಲಿ ಮೆಲ್ಲಗೆ ತಿಕ್ಕಿ, ಒರೆಸಿ. ಆಮೇಲೆ ಗೋಧಿಹಿಟ್ಟನ್ನು ಒಣದಾಗಿ ಸವರಿ ಮೇಲಿನದನ್ನು ಕೈಯಿಂದ ಒರೆಸಿದರೆ ಚುಕ್ಕಿಗಳಲ್ಲಿ ಹಿಟ್ಟು ಉಳಿದು ಅಕ್ಷರ ಬೆಳ್ಳಗೆ ಕಾಣುತ್ತದೆ. ಬದಿಯಿಂದ ಟಾರ್ಚ್ ಹಿಡಿದು ಫೋಟೋ ತೆಗೆಯಿರಿ. ತೆಗೆದಾದ ಮೇಲೆ ಹಿಟ್ಟನ್ನು ಒಣ ಬ್ರಷ್‌ನಿಂದ ಪೂರ್ತಿ ತೆಗೆದುಬಿಡಿ, ಇಲ್ಲದಿದ್ದರೆ ತೇವ ಹಿಡಿದು ಅಲ್ಲೇ ಮತ್ತೆ ಕಿಲುಬು ಏಳುತ್ತದೆ. ಮನೆತನದ ಹೆಸರು ಪೂರ್ತಿ ಓದಲು ಬಂದರೆ ಇಲ್ಲಿ ಹಾಕಬೇಡಿ, ನೇರ ಆ ಮನೆಯವರಿಗೇ ತಲುಪಿಸಿ.